ಅದೇ ಸ್ಪ್ರೇ, ಎರಡನೇ ಸಲ

ನಮ್ಮ ಶಿರಸಿ ಕಡೆ ಚಾಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ ನನ್ನ ಮೂಗು ಕಟ್ಟಿತೆಂದೇ ಲೆಕ್ಕ. ಒಣಸಿಪ್ಪೆಯ ಧೂಳು ಜಗುಲಿಯಿಂದ ಹಿಡಿದು ಅಡುಗೆಮನೆಯ ಡಬ್ಬಿಗಳ ಮುಚ್ಚಳದವರೆಗೂ ಕೂರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮಧ್ಯಾಹ್ನಕ್ಕೆ ತಲೆಭಾರ, ರಾತ್ರಿ ಬಾಯಿ ತೆರೆದೇ ನಿದ್ದೆ. ಮಳೆಗಾಲದಲ್ಲಾದರೂ ಪಾರು ಎಂದುಕೊಂಡರೆ ಬೂಸ್ಟು ಹಿಡಿದ ಕಂಬಳಿ, ಹಾಸಿಗೆಗಳು ಉಳಿದ ಕೆಲಸ ಮುಗಿಸುತ್ತವೆ. ದೊಡ್ಡಪತ್ರೆ ಹಾಕಿ ಹಬೆ ತೆಗೆದುಕೊಂಡರೆ ಅರ್ಧ ಗಂಟೆ ಹಾಯೆನಿಸುತ್ತದೆ, ಅಷ್ಟೇ.

ಒಮ್ಮೆ ಒಬ್ಬ ಡಾಕ್ಟರು ಮೂಗಿಗೆ ಹೊಡೆಯುವ ಫ್ಲೂಟಿಕಾಸೋನ್ ಎಂಬ ಔಷಧದ ಸ್ಪ್ರೇ ಬರೆದುಕೊಟ್ಟಿದ್ದರು. ಚೀಟಿ ಕೈಗೆ ಬಂದದ್ದೇ ಬಂದದ್ದು, ಹೇಗೆ ಹೊಡೆಯಬೇಕು ಎಂದು ಅವರೂ ಹೇಳಲಿಲ್ಲ, ಮೆಡಿಕಲ್ ಶಾಪಿನವನೂ ಹೇಳಲಿಲ್ಲ. ನಾಲ್ಕೈದು ದಿನ ಹೊಡೆದರೂ ಗಂಟಲಲ್ಲಿ ಹೂವಿನಂಥ ವಿಚಿತ್ರ ರುಚಿ ಉಳಿಯಿತೇ ಹೊರತು ಮೂಗು ಬಿಡಲಿಲ್ಲ. ಶೀಶೆ ಕಪಾಟು ಸೇರಿತು.

ಈ ಸಲ ತಡೆಯಲಾಗದೆ ಹುಬ್ಬಳ್ಳಿಗೆ ಹೋದೆ. ಅಲ್ಲಿನ ಇಎನ್‌ಟಿ ಡಾಕ್ಟರು ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಪರದೆಯ ಮೇಲೆ ತೋರಿಸಿದರು. ಹೊಳ್ಳೆಯ ಪಕ್ಕದ ಗೋಡೆಯಿಂದ ಬಿಳಿಚಿಕೊಂಡ, ತುಸು ನೀಲಿ ಛಾಯೆಯ ಮಾಂಸ ಊದಿ ದಾರಿಯನ್ನೆಲ್ಲ ಮುಚ್ಚಿತ್ತು. ಪಾಲಿಪ್, ಅಂದರೆ ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಡ್ಡೆ ಇರಬೇಕೆಂದು ಹೆದರಿದ್ದೆ. ಅಲ್ಲವಂತೆ. ಎಲ್ಲರ ಮೂಗಿನಲ್ಲೂ ಇರುವ ಟರ್ಬಿನೇಟ್ ಅದು, ಅಲರ್ಜಿಯಿಂದ ಬಾತುಕೊಂಡಿದೆ ಅಷ್ಟೇ. ಆಮೇಲೆ ಅವರು ಬರೆದದ್ದು ಮತ್ತದೇ ಸ್ಪ್ರೇ! "ಇದನ್ನ ಆಗಲೇ ನೋಡಿಯಾಗಿದೆ ಸಾರ್, ನನಗೆ ಹಿಡಿಯಲ್ಲ" ಎಂದೆ.

"ಹೌದ್ರಿ? ಹೆಂಗ ಹೊಡಕೊಂಡ್ರಿ, ತೋರಸ್ರಿ ನೋಡೂಣು."

ತಲೆ ಹಿಂದಕ್ಕೆ ವಾಲಿಸಿ, ಮೂಗಿನ ನಡುವಿಗೆ ಹಿಡಿದು, ಒಂದೇ ಸಲಕ್ಕೆ ಜೋರಾಗಿ ಎಳೆದುಕೊಂಡು ತೋರಿಸಿದೆ. ಅವರು ನಕ್ಕುಬಿಟ್ಟರು. "ಔಷಧ ಪೂರ್ತಿ ಗಂಟಲಿಗೆ ಹೋತಲ್ರಿ, ಮೂಗಿಗೇನು ಉಳೀತು?"

ಹೊರಗೆ ಇಷ್ಟು ಜನ ಕಾಯುತ್ತಿದ್ದರೂ ಆ ಮನುಷ್ಯ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಮೊದಲು ಸಿಂಬಳ ತೆಗೆದು ಮೂಗು ಸ್ವಚ್ಛ ಮಾಡಿಕೊಳ್ಳಬೇಕು. ಶೀಶೆ ಚೆನ್ನಾಗಿ ಅಲ್ಲಾಡಿಸಬೇಕು, ಪುಡಿ ತಳದಲ್ಲಿ ಕೂತಿರುತ್ತದೆ. ಹೊಸ ಶೀಶೆಯಾದರೆ ಮಂಜಿನ ಹಾಗೆ ಹನಿ ಬರುವವರೆಗೆ ಗಾಳಿಗೇ ಒತ್ತಬೇಕು. ತಲೆ ಹಿಂದಕ್ಕಲ್ಲ, ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹಾಗೆ ಹಿಡಿದರೆ ಸ್ಪ್ರೇಯ ಮೂತಿ ನಡುಗೋಡೆ ಬಿಟ್ಟು ತಾನಾಗಿಯೇ ಕಿವಿಯ ಕಡೆ ತಿರುಗುತ್ತದೆ. ಒತ್ತುವಾಗ ಹೂ ಮೂಸುವಷ್ಟು ಮೆಲ್ಲಗೆ ಉಸಿರು ತೆಗೆದುಕೊಂಡರೆ ಸಾಕು. ಅವರೆದುರೇ ಖಾಲಿ ಡೆಮೊ ಶೀಶೆಯಲ್ಲಿ ಮಾಡಿಸಿದರು. ಎಡಗೈ ಮಾತು ಕೇಳದೆ ಮೂತಿ ಮೇಲ್ತುಟಿಗೆ ತಾಗಿತು. ಮತ್ತೆ ಮಾಡಿಸಿದರು.

"ಇವತ್ತ ಹೊಡದು ಇವತ್ತ ಮೂಗು ಬಿಡಬೇಕು ಅಂದ್ರ ಇದಲ್ರಿ" ಎಂದೂ ಹೇಳಿದರು. ಅಂಗಡಿಯಲ್ಲಿ ಸಿಗುವ ಕ್ಸೈಲೋಮೆಟಜೋಲಿನ್ ಹನಿ ರಕ್ತನಾಳಗಳನ್ನು ಸಂಕುಚಿಸಿ ಐದು ನಿಮಿಷದಲ್ಲಿ ದಾರಿ ಬಿಡಿಸುತ್ತದೆ, ಆದರೆ ಕೆಲವು ದಿನ ಮೀರಿ ಹಾಕಿದರೆ ಅದೇ ಮೂಗು ಕಟ್ಟಿಸುತ್ತದೆ. ಈ ಸ್ಪ್ರೇಯಲ್ಲಿರುವುದು ಸ್ಟೀರಾಯ್ಡ್, ಉರಿಯೂತವನ್ನೇ ಇಳಿಸುವಂಥದ್ದು. ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು, ದಿನವೂ ಹೊಡೆಯಬೇಕು.

ಮನೆಯಲ್ಲಿ ಆಯಿ ಪೆಟ್ಟಿಗೆಯೊಳಗಿನ ಕಾಗದ ಬಿಚ್ಚಿ ಕನ್ನಡಕ ಹಾಕಿಕೊಂಡು ಓದಿದಳು. "ಸ್ಟೀರಾಯ್ಡಾ? ಅದೆಲ್ಲ ಎಂತಕ್ಕೆ ಮಾಣಿ, ಬ್ಯಾಡ." ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿ ಮುಖ ಊದಿಸಿಕೊಂಡವರನ್ನು ಕಂಡವಳು. ಡಾಕ್ಟರು ಹೇಳಿದ ಲೆಕ್ಕವನ್ನೇ ಒಪ್ಪಿಸಿದೆ. ಒಂದು ಒತ್ತಿಗೆ 50 ಮೈಕ್ರೋಗ್ರಾಂ, ಹೊಳ್ಳೆಗೆ ಎರಡರಂತೆ ದಿನಕ್ಕೆ 200. ನುಂಗಿದ ಪಾಲನ್ನು ಲಿವರ್ ಬಹುಪಾಲು ಒಡೆದುಹಾಕುತ್ತದೆ, ರಕ್ತ ಸೇರುವುದು ತೀರಾ ಕಡಿಮೆ. ಆದರೂ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದೆಯಾ ಎಂದು ಡಾಕ್ಟರು ಕೇಳಿದ್ದರು, ವರ್ಷಗಟ್ಟಲೆ ಹೊಡೆಯುವುದಾದರೆ ಕಣ್ಣು ತೋರಿಸುತ್ತಿರಿ ಎಂದಿದ್ದರು. ಅದನ್ನೂ ಹೇಳಿದೆ. ಆಯಿಗೆ ಸಮಾಧಾನವಾಗಲಿಲ್ಲ. ಕಷಾಯ ತಪ್ಪಲಿಲ್ಲ.

ಮೊದಲ ವಾರ ಏನೂ ಇಲ್ಲ. ಹಲ್ಲುಜ್ಜಿದ ಮೇಲೆ ಸ್ಪ್ರೇ ಎಂದು ಇಟ್ಟುಕೊಂಡಿದ್ದರಿಂದ ಮರೆಯಲಿಲ್ಲ, ಅಷ್ಟೇ. ನಡುವೆ ಒಂದು ದಿನ ಕರವಸ್ತ್ರದಲ್ಲಿ ರಕ್ತದ ಎಳೆ ಕಂಡು ಫೋನ್ ಮಾಡಿದೆ. ನಡುಗೋಡೆಗೇ ತಾಗುತ್ತಿದೆ, ಇನ್ನಷ್ಟು ಹೊರಕ್ಕೆ ತಿರುಗಿಸಿ ಎಂದರು. ತಿರುಗಿಸಿದೆ, ನಿಂತಿತು. ಎರಡನೇ ವಾರದ ಕೊನೆಗೆ ಗೊತ್ತಾದದ್ದು ನನಗಲ್ಲ, ಹೆಂಡತಿಗೆ. "ಗೊರಕೆ ಇಲ್ಲದ್ದಕ್ಕೆ ನಂಗೇ ಎಚ್ಚರಾತು" ಎಂದಳು.

ಪೂರ್ತಿ ಸರಿಹೋಯಿತೆಂದಲ್ಲ. ಎಡ ಹೊಳ್ಳೆ ಈಗಲೂ ಅರ್ಧ ಕಟ್ಟಿಯೇ ಇರುತ್ತದೆ. ನಡುಗೋಡೆ ಆ ಕಡೆ ವಾಲಿದೆ, ಸೊಟ್ಟ ಎಲುಬನ್ನು ಸ್ಪ್ರೇ ನೆಟ್ಟಗೆ ಮಾಡುವುದಿಲ್ಲ, ಬೇಕಾದರೆ ಆಪರೇಷನ್ ಎಂದಿದ್ದಾರೆ ಡಾಕ್ಟರು. ಸದ್ಯಕ್ಕೆ ಬೇಡ ಎಂದೆ. ಹಾಗಾದರೆ ಮುಂದಿನ ವರ್ಷ ಸುಲಿಯುವ ಕೆಲಸ ಶುರುವಾಗುವ ಎರಡು ವಾರ ಮೊದಲೇ ಸ್ಪ್ರೇ ಹಿಡಿಯಿರಿ, ಅಂಗಳಕ್ಕಿಳಿಯುವಾಗ ಮಾಸ್ಕ್ ಹಾಕಿ ಎಂದು ಬರೆದುಕೊಟ್ಟರು.