ಆ ಬೆನ್ನು ಯಾರದು?

ಮದುವೆ ಸೀಸನ್ ಬಂತಂದ್ರೆ ನನ್ನ ರಾತ್ರಿಗಳೆಲ್ಲ ಕಂಪ್ಯೂಟರ್ ಮುಂದೆಯೇ. ನಮ್ಮೆಜಮಾನ್ರು ಶೂಟಿಂಗ್ ಮಾಡ್ಕೊಂಡು ಬರ್ತಾರೆ, ಮಿಕ್ಸಿಂಗ್ ನನ್ನದು. ಪಿ.ಬಿ. ರಸ್ತೆ ಹತ್ತಿರದ ನಮ್ಮ ಸ್ಟುಡಿಯೊ ಬೋರ್ಡಿನಲ್ಲಿ ಅವರ ಹೆಸರೊಂದೇ ಇದೆ. ಅದನ್ನೀಗ ಎತ್ತೋದಿಲ್ಲ ಬಿಡಿ, ಬೋರ್ಡ್ ಬರೆಸಿದಾಗ ನಾನಿನ್ನೂ ದಾವಣಗೆರೆಗೆ ಸೊಸೆಯಾಗಿ ಬಂದಿರಲಿಲ್ಲ.

ಹೋದ ವಾರ ಒಂದು ಮದುವೆಯನ್ನ, ತುಣುಕೆಲ್ಲ ಸೇರಿಸಿ ಕಂಪ್ಯೂಟರ್ ಒಂದೇ ವಿಡಿಯೊ ಮಾಡೋ ರೆಂಡರಿಂಗ್‌ಗೆ ಹಾಕಿ, ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ‘78/52’ ನೋಡಿದೆ. 2017ರ ಡಾಕ್ಯುಮೆಂಟರಿ. ಹಿಚ್‌ಕಾಕ್‌ನ ‘ಸೈಕೊ’ (1960) ಸಿನಿಮಾದಲ್ಲಿ ಬಚ್ಚಲುಮನೆ ಕೊಲೆ ಬರುತ್ತಲ್ಲ, ಇಡೀ ಡಾಕ್ಯುಮೆಂಟರಿ ಆ ಒಂದೇ ಸೀನಿನ ಸುತ್ತ. 78 ಅಂದ್ರೆ ಕ್ಯಾಮೆರಾ ಜಾಗ ಬದಲಿಸಿ ಇಟ್ಟ ಲೆಕ್ಕ, 52 ಅಂದ್ರೆ ಕಟ್‌ಗಳು. ಮೂರು ನಿಮಿಷದ ಸೀನಿಗೆ 7 ದಿನ ಶೂಟಿಂಗ್! ನಾವು 7 ದಿನದಲ್ಲಿ ಮೂರು ಮದುವೆ ಮುಗಿಸ್ತೀವಿ.

ರಕ್ತ ಅಂದುಕೊಂಡಿದ್ದು ಚಾಕೊಲೇಟ್ ಸಿರಪ್ಪು. ಚಾಕು ಇಳಿಯೋ ಸದ್ದು ಕರಬೂಜದ ಜಾತಿಯ ಒಂದು ಹಣ್ಣಿನದು. ಇಂಥವೆಲ್ಲ ಕೇಳೋಕೆ ನನ್ನ ಕಸುಬಿನವರಿಗೆ ಹಬ್ಬ. ಆದರೆ ನೋಡ್ತಾ ನೋಡ್ತಾ ಬೆರಳು ಮಡಚೋಕೆ ಶುರು ಮಾಡಿದೆ. ಮಾತಾಡೋರಲ್ಲಿ ಗಂಡಸರೇ ಜಾಸ್ತಿ, ಅದರಲ್ಲೂ ಬಹುಪಾಲು ಬಿಳಿಯರು. ಸ್ನಾನ ಮಾಡ್ತಿರೋ ಹೆಂಗಸನ್ನ ಇರಿಯೋದು ಎಷ್ಟು ಚೆನ್ನಾಗಿ ಬಂದಿದೆ ಅಂತ ಕಣ್ಣರಳಿಸಿ ಹೇಳ್ತಾರೆ. ಬಚ್ಚಲ ಚಿಲಕ ಹಾಕಿದ ಮೇಲೂ ಇನ್ನೊಂದು ಸಲ ಎಳೆದು ನೋಡೋ ಜಾತಿ ನಮ್ಮದು, ನಮ್ಮನ್ನೇ ಕೇಳಬಾರದಾ? ನಿರ್ದೇಶಕಿ ಕ್ಯಾರಿನ್ ಕುಸಾಮ ಇದ್ದಾಳೆ, ‘ಸೈಕೊ’ದಲ್ಲಿ ಕೊಲೆಯಾಗೋ ನಟಿ ಜಾನೆಟ್ ಲೀ ಮಗಳು ಜೇಮಿ ಲೀ ಕರ್ಟಿಸ್ ಇದ್ದಾಳೆ. ಇಂಥವರು ಕೆಲವರೇ.

ಒಂದು ಕೆಲಸಕ್ಕೆ ಮಾತ್ರ ಡಾಕ್ಯುಮೆಂಟರಿ ನಿರ್ದೇಶಕನಿಗೆ ಕೈ ಮುಗೀಬೇಕು. ಮಾರ್ಲಿ ರೆನ್‌ಫ್ರೊಳನ್ನ ಕರೆಸಿ ಕೂರಿಸಿದ್ದಾನೆ. ಜಾನೆಟ್ ಲೀ ಬದಲಿಗೆ ನೀರಿನಡಿ ನಿಂತ ಮೈ ಅವಳದು, ಆಗ ಅವಳಿಗೆ 21 ವರ್ಷ. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಅವಳ ಹೆಸರಿಲ್ಲ. ವಯಸ್ಸಾದ ಆ ಹೆಂಗಸು ನಗ್ತಾ ನಗ್ತಾ ಹೇಳೋ ನಾಲ್ಕು ಮಾತು, ಉಳಿದ ಪಂಡಿತರ ವ್ಯಾಖ್ಯಾನಕ್ಕಿಂತ ನನಗೆ ರುಚಿಸ್ತು.

ಇನ್ನೊಂದು ತಮಾಷೆ. ಚಾಕು ಎತ್ತಿ ನಿಂತ ಆ ನೆರಳೂ ಕೊಲೆಗಾರನ ಪಾತ್ರ ಮಾಡಿದ ಹೀರೊ ಆಂಥೊನಿ ಪರ್ಕಿನ್ಸ್‌ನದಲ್ಲ, ಅವನು ಆಗ ನ್ಯೂಯಾರ್ಕಿನಲ್ಲಿ ನಾಟಕದ ತಾಲೀಮಲ್ಲಿದ್ದ. ಅದು ಮಾರ್ಗೊ ಎಪ್ಪರ್ ಅನ್ನೋ ಸ್ಟಂಟ್ ಹೆಂಗಸು. ಕೊನೆಗೆ ಸತ್ತು ಬಿದ್ದವಳ ಗಂಟಲು ಆಡ್ತಿದೆ ಅಂತ ಎಡಿಟಿಂಗ್‌ನಲ್ಲಿ ಹಿಡಿದವಳು ಹಿಚ್‌ಕಾಕ್ ಹೆಂಡತಿ ಆಲ್ಮಾ ಅಂತ ಕಥೆ. ಅವನ ಕಣ್ಣಿಗೆ ಬೀಳದ್ದು ಹೆಂಡತಿ ಕಣ್ಣಿಗೆ ಬಿತ್ತು. ಇದನ್ನ ನಮ್ಮೆಜಮಾನ್ರಿಗೆ ಎರಡು ಸಲ ಹೇಳಿದೆ, ಎರಡು ಸಲವೂ ‘ಹೂಂ’ ಅಂದ್ರು.

ರೆಂಡರಿಂಗ್ ಮುಗಿದಿತ್ತು. ನಾನೇ ಕತ್ತರಿಸಿದ ಮದುವೆ ನೋಡ್ತಾ ಕೂತೆ. ತಾಳಿ, ಧಾರೆ, ಆರತಕ್ಷತೆ, ಮಂತ್ರಿಗಳ ಕಡೆಯವರು ಯಾರೋ ಬಂದು ಹೋಗಿದ್ದು, ಎಲ್ಲ ಇದೆ. ವಾಲಗದವರು ಸದ್ದಿಗೆ ಮಾತ್ರ ಇದ್ದಾರೆ, ಮುಖ ಇಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದು ಈರುಳ್ಳಿ ಹೆಚ್ಚಿದ ಹೆಂಗಸರನ್ನ ಪೂರ್ತಿ ಹಾರಿಸಿದ್ದೀನಿ. ಮದುಮಗಳಿಗೆ ಮೊಗ್ಗಿನ ಜಡೆ ಹಾಕಿದವಳ ಮೊಣಕೈ ಫ್ರೇಮಿನಲ್ಲಿ ಬಂದಿತ್ತು, ಝೂಮ್ ಮಾಡಿ ಅದನ್ನೂ ಹೊರಗೆ ಹಾಕಿದ್ದೆ. ಯಾರೂ ಹೇಳಿರಲಿಲ್ಲ, ಕೈಗೆ ಅಭ್ಯಾಸ.

ಹಳೇ ಫೈಲ್ ತೆಗೆದು ಮೂರು ತುಣುಕು ವಾಪಸ್ ಹಾಕಿದೆ, ಒಟ್ಟು 11 ಸೆಕೆಂಡ್. ಈರುಳ್ಳಿ ಹೆಚ್ಚೋರಲ್ಲಿ ಒಬ್ಬಾಕೆ ಕ್ಯಾಮೆರಾ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗ್ತಾಳೆ.

ಬೆಳಿಗ್ಗೆ ಎಜಮಾನ್ರು ನೋಡಿದವರೇ, “ಏನಿದು, ಹಾಡು ಮುಗಿದ್ರೂ ಚಿತ್ರ ಓಡ್ತಿದೆ?” ಅಂದ್ರು.

ಹಾಡನ್ನ 11 ಸೆಕೆಂಡ್ ಹಿಗ್ಗಿಸಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ.