ನಾವು ತೂಗದೇ ಬಿಟ್ಟ ಕಸ

ಕೊನೆಯ ಹಾಡು ಮುಗಿದಾಗ ರಾತ್ರಿ ಹನ್ನೊಂದು. ಬೆಳಗಿನ ಐದೂವರೆಗೆ ನಾವು ಕೈಗವಸು ಹಾಕಿಕೊಂಡು ಮತ್ತೆ ಅದೇ ಬಯಲಿಗೆ ಇಳಿದಿದ್ದೆವು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಸ್ಟೇಜಿನ ಮುಂದೆ ಮೂರು ದಿನದ ಹಿಂದೆ ಹುಲ್ಲಿತ್ತು. ಈಗ ಬರೀ ಮಣ್ಣು, ಮಣ್ಣಿನ ತುಂಬ ಹೆಜ್ಜೆ.

ದೊಡ್ಡ ಸಂಗೀತೋತ್ಸವ ಅದು. ಟಿಕೆಟ್ ಮೇಲೆ, ಪೋಸ್ಟರ್ ಮೇಲೆ, ಗೇಟಿನ ಕಮಾನಿನ ಮೇಲೆ, ಎಲ್ಲೆಲ್ಲೂ ‘ಪರಿಸರಸ್ನೇಹಿ’ ಅನ್ನೋ ಪದ. ಆ ಪದ ನೋಡಿಯೇ ನಾನು ಅಲ್ಲಿ ಕಸ ನೋಡಿಕೊಳ್ಳುವ ಹಸಿರು ತಂಡಕ್ಕೆ ಹೆಸರು ಕೊಟ್ಟಿದ್ದೆ. ಹಾಡು ಅಂದ್ರೆ ನನಗೆ ಪ್ರಾಣ. ಸಾವಿರಾರು ಜನ ಒಟ್ಟಿಗೆ ನಿಂತು ಒಂದೇ ಸಾಲನ್ನು ಹಾಡುವಾಗ ಮೈ ಜುಮ್ಮೆನ್ನುತ್ತದಲ್ಲ, ಅದಕ್ಕೆ ಸಾಟಿಯಾದದ್ದು ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತರೆ ಸಿಗೋದಿಲ್ಲ. ಆ ಖುಷಿಯ ಹಿಂದೆ ಏನೇನು ಉರಿಯುತ್ತದೆ, ಏನೇನು ಉಳಿಯುತ್ತದೆ ಅಂತ ಒಮ್ಮೆ ಒಳಗಿನಿಂದ ನೋಡಬೇಕು ಅನಿಸಿತ್ತು.

ಮೊದಲ ದಿನ ನನ್ನನ್ನು ಹಾಕಿದ್ದು ಕಸ ಬೇರೆ ಮಾಡುವ ಮೇಜಿಗೆ. ಚೀಲ ಬರುತ್ತದೆ. ತೂಗಬೇಕು, ಪುಸ್ತಕದಲ್ಲಿ ಬರೆಯಬೇಕು, ಮೇಜಿನ ಮೇಲೆ ಸುರಿದು ವಿಂಗಡಿಸಬೇಕು. ಒಂದೊಂದು ಚೀಲ ಹೆಚ್ಚು ಕಡಿಮೆ ಆರೂವರೆ ಕೆಜಿ ಬರುತ್ತಿತ್ತು. ತಂಡ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಅಕ್ಕ ಅಂತಿದ್ದೆವು. ಹತ್ತಾರು ಉತ್ಸವಗಳ ಕಸ ಎತ್ತಿದವರು. ಮಧ್ಯಾಹ್ನ ಒಂದು ಪಾರದರ್ಶಕ ಲೋಟ ಎತ್ತಿ ತೋರಿಸಿದರು.

“ಇದು ಯಾವ ಡಬ್ಬಕ್ಕೆ ಹೋಗಬೇಕು ಹೇಳು.”

“ಗೊಬ್ಬರದ ಡಬ್ಬಕ್ಕೆ ಅಕ್ಕ. ಕೊಳೆಯುತ್ತೆ ಅಂತ ಮೇಲೇ ಬರೆದಿದೆಯಲ್ಲ.”

“ಕೊಳೆಯುತ್ತೆ. ಆದ್ರೆ ಎಲ್ಲಿ?”

ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ಹೇಳಿದರು. ಇವು ಮೆಕ್ಕೆಜೋಳದ ಪಿಷ್ಟದಂಥ ವಸ್ತುವಿನಿಂದ ಮಾಡಿದ ಪಿಎಲ್ಎ ಅನ್ನೋ ಬಗೆಯ ಪ್ಲಾಸ್ಟಿಕ್ಕಿನ ಲೋಟಗಳು. ದೊಡ್ಡ ಗೊಬ್ಬರ ಘಟಕದಲ್ಲಿ ಸುಮಾರು 60 ಡಿಗ್ರಿ ಶಾಖ ಮತ್ತು ತೇವ ವಾರಗಟ್ಟಲೆ ಸಿಕ್ಕಿದರೆ ಮಾತ್ರ ಕೊಳೆಯುತ್ತವೆ. ಹೊಲದ ಮೂಲೆಯ ತಿಪ್ಪೆಯಲ್ಲಿ ಸುಮ್ನೆ ಹಾಗೇ ಬಿದ್ದಿರುತ್ತವೆ. ಮಾಮೂಲಿ ಪ್ಲಾಸ್ಟಿಕ್ ಜೊತೆ ಸೇರಿಕೊಂಡರೆ ಆ ಪ್ಲಾಸ್ಟಿಕ್ಕಿನ ಮರುಬಳಕೆಯೂ ಕೆಡುತ್ತದೆ. ಅಂಥ ಘಟಕ ನಮಗೆ ಹತ್ತಿರದಲ್ಲೆಲ್ಲೂ ಇರಲಿಲ್ಲ. ಹಾಗಾಗಿ ಎಲೆಯ ಚಿತ್ರ ಅಚ್ಚಾಗಿದ್ದ ಆ ಲೋಟಗಳೆಲ್ಲ ಮಾಮೂಲಿ ಕಸಕ್ಕೇ ಹೋದವು. ಒಂದೊಂದು ಎಸೆಯುವಾಗಲೂ ನನಗೆ ಸಂಕಟ ಆಗುತ್ತಿತ್ತು.

ಪಕ್ಕದ ಕೌಂಟರಿನಲ್ಲಿ ಬೇರೆಯೇ ನೋಟ. ಅಲ್ಲಿ ಕೊಡುತ್ತಿದ್ದದ್ದು ದಪ್ಪ ಪ್ಲಾಸ್ಟಿಕ್ಕಿನ ಲೋಟ. ಡೆಪಾಸಿಟ್ ಕಟ್ಟಬೇಕು, ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್. ತೊಳೆದು ಮತ್ತೆ ಅದನ್ನೇ ಬಳಸುತ್ತಾರೆ. ನೋಡೋಕೆ ಏನೂ ಹಸಿರಾಗಿ ಕಾಣದ ಲೋಟ. ಆದ್ರೆ ನೆಲದ ಮೇಲೆ ಒಂದೂ ಬಿದ್ದಿರುತ್ತಿರಲಿಲ್ಲ. ಯಾರಾದರೂ ಬಿಟ್ಟು ಹೋದರೂ ಹುಡುಗರು ಆರಿಸಿಕೊಂಡು, ಒಂದರೊಳಗೆ ಒಂದು ಪೇರಿಸಿ, ಕೈಯುದ್ದದ ಗೋಪುರ ಮಾಡಿಕೊಂಡು ತರುತ್ತಿದ್ದರು.

ಶೌಚಾಲಯದ ವಿಷಯದಲ್ಲೂ ಒಳ್ಳೆಯ ಕೆಲಸವೇ ಆಗಿತ್ತು. ನೀರಿಲ್ಲದ ಶೌಚಾಲಯ, ಬಳಸಿದ ಮೇಲೆ ಒಂದು ಬೊಗಸೆ ಮರದ ಹೊಟ್ಟು. ಇದು ಸಣ್ಣ ವಿಷಯ ಅಲ್ಲ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ 2019ರ ಉತ್ಸವದ ಹೊತ್ತಿಗೆ ಪಕ್ಕದ ವೈಟ್‌ಲೇಕ್ ನದಿಯ ನೀರು ಪರೀಕ್ಷಿಸಿದ ಬ್ಯಾಂಗರ್ ವಿಶ್ವವಿದ್ಯಾಲಯದವರಿಗೆ ಮಾದಕ ಪದಾರ್ಥಗಳ ಅಂಶ ಸಿಕ್ಕಿತ್ತು. ಜನ ಎಲ್ಲೆಂದರಲ್ಲಿ ಮೂತ್ರ ಮಾಡಿದ್ದೇ ಕಾರಣ ಅಂತ ಅವರು ಹೇಳಿದರು. ಆ ನೀರಿನಲ್ಲಿರುವ ಅಪರೂಪದ ಹಾವುಮೀನುಗಳಿಗೆ ಅದರಿಂದ ಅಪಾಯ. ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದವರು ಇದನ್ನೇ ತಿರುಗಿಸಿ ನೋಡಿದರು. 2015ರಲ್ಲಿ 50,000 ಲೀಟರಿಗೂ ಜಾಸ್ತಿ ಮೂತ್ರ ಸಂಗ್ರಹಿಸಿ ಬಾರ್ಲಿ ಹೊಲಕ್ಕೆ ಗೊಬ್ಬರ ಮಾಡಿದರು. ಮನಸ್ಸು ಮಾಡಿದರೆ ಎಷ್ಟೆಲ್ಲ ಆಗುತ್ತೆ ಅಲ್ವಾ?

ಎರಡನೇ ದಿನ ಸಂಜೆ ಸ್ಟೇಜಿನ ಹಿಂದೆ ಹೋಗಬೇಕಾಯಿತು. ಅಲ್ಲಿ ನಾಲ್ಕು ಜನರೇಟರ್, ಒಂದೊಂದೂ ಲಾರಿಯ ಡಬ್ಬಿಯಷ್ಟು ದೊಡ್ಡದು. ಒಂದರ ಮುಂದೆ ನಿಂತಿದ್ದ ತಂತ್ರಜ್ಞ ಕಿವಿಗೆ ಹಾಕಿದ್ದ ಮುಚ್ಚಳ ಸರಿಸಿ ಮಾತಾಡಿದರು.

“ಅಣ್ಣ, ಇದು ಫುಲ್ ಓಡ್ತಾ ಇದೆಯಾ?”

ಅವರು ಮೀಟರಿನ ಕಡೆ ಬೆರಳು ತೋರಿಸಿದರು. ಕಾಲು ಭಾಗದಷ್ಟೂ ಲೋಡ್ ಇರಲಿಲ್ಲ. ರಾತ್ರಿ ಮುಖ್ಯ ಕಾರ್ಯಕ್ರಮದಲ್ಲಿ ಲೈಟು, ಸ್ಪೀಕರ್, ಪರದೆ ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುವ ಕೆಲವೇ ನಿಮಿಷ ಇರುತ್ತದಲ್ಲ, ಆ ನಿಮಿಷಕ್ಕೆ ಸಾಲಬೇಕು ಅಂತ ದೊಡ್ಡ ಯಂತ್ರ ತಂದಿರುತ್ತಾರೆ. ಎಲ್ಲಿ ಕರೆಂಟ್ ಹೋಗಿಬಿಡುತ್ತದೋ ಅನ್ನೋ ಭಯಕ್ಕೆ ಅದರ ಮೇಲೆ ಇನ್ನಷ್ಟು. ಉಳಿದ ಹೊತ್ತೆಲ್ಲ ಅದು ಅರೆಹೊಟ್ಟೆಯಲ್ಲಿ ಓಡುತ್ತದೆ. ಡೀಸೆಲ್ ಎಂಜಿನ್ನಿಗೆ ಅದು ಒಗ್ಗುವುದಿಲ್ಲ. ಇಂಧನ ಸರಿಯಾಗಿ ಉರಿಯದೆ ಹೊಗೆ ಕೊಳವೆಯಲ್ಲಿ ಮಸಿ ಕಟ್ಟುತ್ತದೆ. “ಬ್ಯಾಟರಿ ಜೊತೆಗಿದ್ರೆ ಈ ಹೊತ್ತಿಗೆ ಇದನ್ನ ಆಫ್ ಮಾಡಬಹುದಿತ್ತು” ಅಂದರು. ಆ ಮಾತಲ್ಲಿ ಬೇಸರ ಇತ್ತು. ಯಂತ್ರವನ್ನು ಚೆನ್ನಾಗಿ ಬಲ್ಲವರಿಗೆ ಅದು ಸುಮ್ನೆ ಉರಿಯುವುದನ್ನು ನೋಡೋದು ಕಷ್ಟ.

ಇದು ಆಗದ ಮಾತಲ್ಲ. 2024ರ ಆಗಸ್ಟಿನಲ್ಲಿ ಮ್ಯಾಸಿವ್ ಅಟ್ಯಾಕ್ ಅನ್ನೋ ಬ್ರಿಟಿಷ್ ಸಂಗೀತ ತಂಡ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇಡೀ ದಿನದ ಕಾರ್ಯಕ್ರಮವನ್ನು ಬ್ಯಾಟರಿಯಲ್ಲೇ ನಡೆಸಿತು. ಕೋಲ್ಡ್‌ಪ್ಲೇ ತಂಡದವರು ತಮ್ಮ ಸಂಗೀತ ಪ್ರವಾಸದ ನೇರ ಇಂಗಾಲ ಹೊರಸೂಸುವಿಕೆ 2016–17ರ ಪ್ರವಾಸಕ್ಕಿಂತ ಶೇ. 59ರಷ್ಟು ಇಳಿದಿದೆ ಅಂತ 2024ರಲ್ಲಿ ಪ್ರಕಟಿಸಿದರು. ನಾನು ಇದನ್ನು ಓದಿ ಖುಷಿಪಟ್ಟಿದ್ದೆ. ‘ನೇರ’ ಅನ್ನೋ ಪದದ ಅರ್ಥ ಹೊಳೆದದ್ದು ಮಾತ್ರ ಮೂರನೇ ದಿನ, ಪಾರ್ಕಿಂಗ್ ಗೇಟಿನಲ್ಲಿ.

ಅಲ್ಲಿ ಜನ ಕಡಿಮೆ ಬಿದ್ದಿದ್ದರು ಅಂತ ನನ್ನನ್ನು ಕಳಿಸಿದ್ದರು. ನಾಲ್ಕು ಗಂಟೆ ನಿಂತೆ. ಕೈಗೆ ಒಂದು ಟಾರ್ಚು, ಒಂದು ಸೀಟಿ. ಕಾರು ಬರುತ್ತಲೇ ಇದ್ದವು. ದೂಳಿನಲ್ಲಿ ಸಾಲಿನ ಕೊನೆ ಕಾಣುತ್ತಿರಲಿಲ್ಲ. ಕಿಟಕಿ ಇಳಿಸಿ ಟಿಕೆಟ್ ತೋರಿಸುವಾಗ ಒಳಗೆ ಎಷ್ಟು ಜನ ಇದ್ದಾರೆ ಅಂತ ಕಣ್ಣು ತಾನಾಗೇ ಹೋಗುತ್ತಿತ್ತು. ಇಬ್ಬರು. ಒಬ್ಬರು. ಇಬ್ಬರು. ಮೂವರು. ಮತ್ತೆ ಒಬ್ಬರು. ನಾಲ್ಕೂ ಸೀಟು ತುಂಬಿದ ಕಾರು ಬಂದರೆ ನಾನು ಅವರಿಗೆ ಕೈ ಬೀಸುತ್ತಿದ್ದೆ. ಸಾಲಿನಲ್ಲಿ ಕಾಯುವ ಹೊತ್ತಿಗೂ ಎಂಜಿನ್ ಆರಿಸಿದವರು ತೀರಾ ಕಡಿಮೆ.

ನಾನೂ ಒಬ್ಬಳೇ ಬಂದಿದ್ದೆ. ನನ್ನ ಕಾರು ಅದೇ ಮೈದಾನದಲ್ಲಿ ನಿಂತಿತ್ತು.

ರಾತ್ರಿ ಟೆಂಟಿನಲ್ಲಿ ಮಲಗಿ ಲೆಕ್ಕ ಹಾಕಿದೆ. ಬರೋಕೆ 150 ಕಿಲೋಮೀಟರ್, ಹೋಗೋಕೆ 150. ಲೀಟರಿಗೆ 15 ಕಿಲೋಮೀಟರ್ ಅಂದರೆ 20 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಲೀಟರ್ ಪೆಟ್ರೋಲ್ ತೂಗುವುದೇ ಮುಕ್ಕಾಲು ಕೆಜಿ, ಅದರಿಂದ ಅಷ್ಟೊಂದು ಹೇಗೆ ಅಂತ ಅನಿಸಬಹುದು. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ತೂಕ ಅಲ್ಲಿಂದ ಬರುತ್ತದೆ. ಇಪ್ಪತ್ತು ಲೀಟರಿಗೆ 46 ಕೆಜಿ. ನಾನು ಮೇಜಿನ ಹತ್ತಿರ ತೂಗುತ್ತಿದ್ದ ಚೀಲಗಳಿಗೆ ಹೋಲಿಸಿದರೆ ಏಳು ಚೀಲ. ಹೊಗೆ ಬೇರೆ, ಕಸ ಬೇರೆ, ಗೊತ್ತು. ಆದರೂ ಏಳು ಚೀಲ ಕಸವನ್ನು ಆ ಬಯಲಲ್ಲಿ ಸುರಿದು ಹೋಗು ಅಂದಿದ್ದರೆ ನಾನು ಸುರಿಯುತ್ತಿದ್ದೆನಾ? ಈ ಚೀಲಗಳು ಕಣ್ಣಿಗೆ ಕಾಣುವುದಿಲ್ಲ, ಅವಕ್ಕೆ ತಕ್ಕಡಿ ಇಲ್ಲ, ಅಷ್ಟೇ.

ಬ್ರಿಟನ್ನಿನ ಉತ್ಸವಗಳ ಬಗ್ಗೆ 2015ರಲ್ಲಿ ಬಂದ ಒಂದು ವರದಿ ಹೇಳಿದ್ದೂ ಇದನ್ನೇ. ಒಂದು ಉತ್ಸವದ ಒಟ್ಟು ಇಂಗಾಲದಲ್ಲಿ ಶೇ. 80ರವರೆಗೂ ಪ್ರೇಕ್ಷಕರ ಪ್ರಯಾಣದ್ದೇ ಇರಬಹುದು. ತಂಡಗಳು ಪ್ರಕಟಿಸುವ ‘ನೇರ’ ಲೆಕ್ಕದಲ್ಲಿ ಇದು ಬರುವುದಿಲ್ಲ. ಬ್ರಿಸ್ಟಲ್‌ನವರು ಮಾಡಿದ್ದರಲ್ಲಿ ನನಗೆ ಬ್ಯಾಟರಿಗಿಂತ ಜಾಸ್ತಿ ಹಿಡಿಸಿದ್ದು ಬೇರೆ. ಟಿಕೆಟ್ ಮಾರಾಟದಲ್ಲಿ ಹತ್ತಿರದ ಊರಿನವರಿಗೆ ಮೊದಲ ಅವಕಾಶ ಕೊಟ್ಟರು, ರೈಲಿನಲ್ಲಿ ಬನ್ನಿ ಅಂತ ಒತ್ತಾಯ ಮಾಡಿದರು. ಫೋಟೋಕ್ಕೆ ಚೆನ್ನಾಗಿ ಕಾಣುವ ಕೆಲಸವಲ್ಲ ಅದು. ಆದ್ರೆ ಹೊಗೆ ಇಳಿಯೋದು ಅಲ್ಲೇ. ದೊಡ್ಡ ಉತ್ಸವವನ್ನು ಪರಿಸರಸ್ನೇಹಿ ಅಂತ ಕರೆಯೋಕೆ ನನಗೆ ಈಗ ನಾಲಿಗೆ ಏಳುವುದಿಲ್ಲ. ಅಷ್ಟು ಜನ ಅಷ್ಟು ದೂರದಿಂದ ಒಂದು ಹೊಲಕ್ಕೆ ಬಂದಿಳಿದರೆ ಭೂಮಿಗೆ ನೋವಾಗಿಯೇ ಆಗುತ್ತದೆ. ಆ ನೋವನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಹುದು ಅಂತ ಮಾತ್ರ ಗಟ್ಟಿಯಾಗಿ ನಂಬುತ್ತೇನೆ. ಅದಕ್ಕೆ ಮೊದಲು ಗೇಟಿನಲ್ಲಿ ಎಣಿಸಬೇಕು.

ಮೊದಲು ಹೇಳಿದ ಆ ಬೆಳಗ್ಗೆಗೆ ಮತ್ತೆ ಬರುತ್ತೇನೆ. ಟೆಂಟು ಹಾಕುವ ಬಯಲಿನಲ್ಲಿ ಜನ ಹೋಗಿದ್ದರು, ಟೆಂಟುಗಳು ನಿಂತೇ ಇದ್ದವು. ನೂರಾರು. ಕೆಲವದರಲ್ಲಿ ಹಾಸಿಗೆ, ಕೆಲವದರಲ್ಲಿ ಕುರ್ಚಿ. ಯಾರೋ ಎತ್ತಿಕೊಂಡು ಹೋಗಿ ಬಡವರಿಗೆ ಕೊಡುತ್ತಾರೆ ಅಂತ ಜನ ಅಂದುಕೊಳ್ಳುತ್ತಾರಂತೆ. “ನಾಲ್ಕು ಕೊಡೋಕೆ ಆಗುತ್ತೆ. ಉಳಿದದ್ದು ಲಾರಿಗೆ” ಅಂದರು ಅಕ್ಕ. ಬ್ರಿಟನ್ನಿನ ಉತ್ಸವಗಳಲ್ಲಿ ವರ್ಷಕ್ಕೆ ಸುಮಾರು 2,50,000 ಟೆಂಟು ಹೀಗೆ ಬಿಟ್ಟು ಹೋಗುತ್ತಾರೆ ಅಂತ ಅಲ್ಲಿನ ಉತ್ಸವಗಳ ಸಂಘ 2019ರಲ್ಲಿ ಅಂದಾಜು ಮಾಡಿತ್ತು. ಒಂದು ಟೆಂಟು ಅಂದರೆ ಸರಾಸರಿ ಮೂರೂವರೆ ಕೆಜಿ, ಬಹುಪಾಲು ಪ್ಲಾಸ್ಟಿಕ್. ಅಷ್ಟರಲ್ಲಿ 8,750 ಸ್ಟ್ರಾ ಆಗುತ್ತದೆ. ನಾವಿದ್ದ ಉತ್ಸವದಲ್ಲಿ ಸ್ಟ್ರಾ ಕೊಡುತ್ತಿರಲಿಲ್ಲ.

ಒಂದು ನೀಲಿ ಟೆಂಟಿನ ಗೂಟ ಕಿತ್ತೆ. ಬಟ್ಟೆ ಮಡಿಸುವಾಗ ನೋಡಿದರೆ ಜಿಪ್ಪಿನ ಸ್ಲೈಡರ್ ಮಾತ್ರ ಹಳಿ ತಪ್ಪಿತ್ತು. ಇಕ್ಕಳದಲ್ಲಿ ಒತ್ತಿದರೆ ಸರಿಹೋಗುವಂಥದ್ದು. ಟೆಂಟು ಎತ್ತಿದ ಜಾಗದಲ್ಲಿ ಹುಲ್ಲು ಮಲಗಿತ್ತು, ಬೆಳಕು ಕಾಣದ ಎಳೆ ಹಳದಿ ಬಣ್ಣ. ಗ್ಲಾಸ್ಟನ್‌ಬರಿಯವರು ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನೇ ನಿಲ್ಲಿಸಿ ಹೊಲವನ್ನು ಬೀಳು ಬಿಡುತ್ತಾರೆ. 2018ರಲ್ಲಿ ಹಾಗೇ ಬಿಟ್ಟಿದ್ದರು. ಆ ಹಳದಿ ಚೌಕ ನೋಡುವಾಗ ಅದು ಯಾಕೆ ಬೇಕು ಅಂತ ಅರ್ಥ ಆಯಿತು.

ಮಧ್ಯಾಹ್ನ ಅಕ್ಕ ಪುಸ್ತಕ ಮುಚ್ಚುತ್ತಿದ್ದರು. ಗೊಬ್ಬರಕ್ಕೆ ಇಷ್ಟು, ಮರುಬಳಕೆಗೆ ಇಷ್ಟು, ಲಾರಿಗೆ ಇಷ್ಟು.

“ಅಕ್ಕ, ಪಾರ್ಕಿಂಗ್‌ಗೆ ಇದರಲ್ಲಿ ಪುಟ ಇಲ್ವಾ?”

“ಇಲ್ಲ ಕಣೇ. ಯಾರೂ ಕೇಳಿರಲಿಲ್ಲ.”

ಹೋಗುವಾಗ ತಂಡದ ಮೂವರನ್ನು ಕಾರಿನಲ್ಲಿ ಹತ್ತಿಸಿಕೊಂಡೆ. ನೀಲಿ ಟೆಂಟು ಡಿಕ್ಕಿಯಲ್ಲಿತ್ತು. ದಾರಿಯುದ್ದಕ್ಕೂ ಮಾತಾಡಿ ಸಂಘಟಕರಿಗೆ ಒಂದು ಪತ್ರ ತಯಾರು ಮಾಡಿದೆವು. ಟಿಕೆಟ್ ಜೊತೆಗೇ ಬಸ್ಸಿನ ಸೀಟು ಸೇರಿಸಿ. ಒಬ್ಬರೇ ಬರುವ ಕಾರಿಗೆ ಪಾರ್ಕಿಂಗ್ ಶುಲ್ಕ ಜಾಸ್ತಿ ಮಾಡಿ. ಪುಸ್ತಕದಲ್ಲಿ ಗೇಟಿನ ಲೆಕ್ಕಕ್ಕೆ ಒಂದು ಪುಟ ಇಡಿ. ಎಣಿಸೋಕೆ ಜನ ಬೇಕಾದರೆ ನಾವು ನಾಲ್ವರೂ ಬರುತ್ತೇವೆ, ಬಸ್ಸಿನಲ್ಲಿ.