ಸ್ಟೇಟರ್ ಬಾರ್‌ಗಳಲ್ಲಿ ಜಿನುಗುವ ನೀರು

ದೊಡ್ಡ ಜನರೇಟರ್‌ಗಳಲ್ಲಿ ಸ್ಟೇಟರ್ ಬಾರ್‌ಗಳನ್ನು, ಎಂದರೆ ತಿರುಗದ ಭಾಗದಲ್ಲಿ ವಿದ್ಯುತ್ ಹರಿಯುವ ದಪ್ಪ ವಾಹಕಗಳನ್ನು, ತಂಪಾಗಿಡಲು ಅವುಗಳ ಟೊಳ್ಳು ತಾಮ್ರದ ಎಳೆಗಳೊಳಗೆ ಡಿಮಿನರಲೈಸ್ಡ್ (ಲವಣ ತೆಗೆದ) ನೀರನ್ನು ಹರಿಸಿ, ಯಂತ್ರವನ್ನು ತಂಪಾಗಿಡಲು ಕವಚದೊಳಗೆ ತುಂಬಿರುವ ಹೈಡ್ರೋಜನ್ ಅನಿಲದ ಒತ್ತಡವನ್ನು ಆ ನೀರಿನ ಒತ್ತಡಕ್ಕಿಂತ ಹೆಚ್ಚಾಗಿಯೇ ಇಟ್ಟಿರುತ್ತಾರೆ. ಎಲ್ಲಾದರೂ ತೂತು ಬಿದ್ದರೆ ನೀರು ಹೊರಬರುವ ಬದಲು ಅನಿಲವೇ ಒಳಹೋಗುತ್ತದೆ ಎಂಬುದು ಇದರ ಲೆಕ್ಕಾಚಾರ. ಇದನ್ನೇ ನಂಬಿ ನಿಶ್ಚಿಂತರಾಗುವುದು ಸರಿಯಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ. ರಂಧ್ರ ತೀರ ಸೂಕ್ಷ್ಮವಾಗಿದ್ದಾಗ ನೀರು ಕೇಶಾಕರ್ಷಣೆಯಿಂದ ಆ ಒತ್ತಡಕ್ಕೆ ಎದುರಾಗಿಯೇ ಜಿನುಗಿ, ಬಾರ್‌ನ ಸುತ್ತ ವಿದ್ಯುತ್ ಸೋರದಂತೆ ಹೊದಿಸಿದ ಮೈಕಾ ನಿರೋಧಕಕ್ಕೆ ಇಳಿದು, ಅದರ ಪದರಗಳನ್ನು ವರ್ಷಗಳ ಕಾಲ ಸದ್ದಿಲ್ಲದೆ ಬಿಡಿಸುತ್ತಾ ಹೋಗುತ್ತದೆ.

ತೊಂದರೆ ಹೆಚ್ಚಾಗಿ ಹುಟ್ಟುವುದು ಬಾರ್‌ನ ತುದಿಯಲ್ಲಿ, ಎಳೆಗಳನ್ನೆಲ್ಲ ಒಟ್ಟು ಹಿಡಿಯುವ ಕ್ಲಿಪ್‌ಗೆ ಬ್ರೇಜಿಂಗ್ (ಬೇರೊಂದು ಲೋಹ ಕರಗಿಸಿ ಬೆಸೆಯುವುದು) ಮಾಡಿರುವ ಕಡೆ. ಬೆಸುಗೆಯ ಸಣ್ಣ ಸಂದುಗಳಲ್ಲಿ ನೀರು ಹರಿಯದೆ ನಿಂತು, ಬೆಸುಗೆ ಲೋಹದಲ್ಲಿ ರಂಜಕವಿದ್ದರೆ ಅಲ್ಲಿಯೇ ಆಮ್ಲೀಯವಾಗಿ, ತಾಮ್ರವನ್ನು ಕೊರೆಯುತ್ತದೆ.

ಯಂತ್ರ ಓಡುತ್ತಿರುವಾಗ ನೀರಿನ ಟ್ಯಾಂಕಿನ ವೆಂಟ್‌ನಿಂದ (ಅನಿಲ ಹೊರಬಿಡುವ ಕೊಳವೆಯಿಂದ) ಹೊರಬರುವ ಹೈಡ್ರೋಜನ್ ಪ್ರಮಾಣವನ್ನು ಗಮನಿಸುತ್ತಿರಬೇಕು; ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಎಚ್ಚರಿಕೆಯೆಂದೇ ತಿಳಿಯಬೇಕು. ಆದರೆ ಖಚಿತ ಉತ್ತರ ಸಿಗುವುದು ಯಂತ್ರ ನಿಲ್ಲಿಸಿದಾಗಲೇ. ಒತ್ತಡ ತುಂಬಿ ಅದು ಎಷ್ಟು ಇಳಿಯಿತೆಂದು ನೋಡುವ ಪರೀಕ್ಷೆಯಲ್ಲಿ ಕೋಣೆಯ ಉಷ್ಣತೆ ಸ್ವಲ್ಪ ಬದಲಾದರೂ ಫಲಿತಾಂಶ ಮಸುಕಾಗುವುದರಿಂದ, ಒಳಗಿನ ಗಾಳಿಯನ್ನು ಹೊರಗೆಳೆದು ನಿರ್ವಾತ ಎಷ್ಟು ಉಳಿಯಿತೆಂದು ನೋಡುವ ನಿರ್ವಾತ ಪರೀಕ್ಷೆ ಅದಕ್ಕಿಂತ ಬಹಳ ಸೂಕ್ಷ್ಮವಾದುದು. ಎರಡಕ್ಕೂ ಮೊದಲು ಈ ಬಾರ್‌ಗಳು ಸೇರಿ ಆಗಿರುವ ಸುರುಳಿಯನ್ನು ಪೂರ್ತಿ ಒಣಗಿಸಲೇಬೇಕು. ಒಂದು ಹನಿ ನೀರು ಉಳಿದರೂ ಅದು ಕೂದಲೆಳೆಯಷ್ಟು ಸಂದನ್ನು ಬಿರಡೆಯಂತೆ ಮುಚ್ಚಿ, ಸೋರುವ ಬಾರ್‌ಗೂ ಒಳ್ಳೆಯ ಅಂಕ ಕೊಡಿಸಿಬಿಡುತ್ತದೆ. ಸಮಯದ ಒತ್ತಡ ಬಂದಾಗ ಮೊದಲು ಮೊಟಕಾಗುವುದು ಈ ಒಣಗಿಸುವ ಕೆಲಸವೇ ಎಂಬುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಸೋರಿಕೆಯಿದೆಯೆಂದು ಗೊತ್ತಾದ ಮೇಲೆ ಜಾಗವನ್ನು ಹೀಲಿಯಂ ಹಾಯಿಸಿ ಹುಡುಕುತ್ತಾರೆ. ನಿರೋಧಕ ಆಗಲೇ ಒದ್ದೆಯಾಗಿದೆಯೇ ಎಂಬುದನ್ನು ಮಾತ್ರ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಳತೆಯೇ ಹೇಳಬೇಕು: ಈ ಸಾಮರ್ಥ್ಯವನ್ನು ವಸ್ತು ಎಷ್ಟು ಹೆಚ್ಚಿಸುತ್ತದೆಂದು ತೋರಿಸುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80, ಒಣ ನಿರೋಧಕಕ್ಕೆ ಸುಮಾರು 4, ಹೀಗಾಗಿ ಒದ್ದೆಯಾದ ಬಾರ್ ಉಳಿದವುಗಳ ನಡುವೆ ಎದ್ದು ಕಾಣುತ್ತದೆ.

ತಡೆಯುವ ವಿಷಯಕ್ಕೆ ಬಂದರೆ, ಹೊಸ ಬಾರ್‌ಗಳಿಗೆ ರಂಜಕವಿಲ್ಲದ ಬೆಸುಗೆ ಲೋಹವನ್ನೇ ಕೇಳಿ ಪಡೆಯುವುದು ಒಳ್ಳೆಯದು. ಹಳೆಯವುಗಳಲ್ಲಿ ನಿರೋಧಕ ಇನ್ನೂ ಒದ್ದೆಯಾಗಿರದಿದ್ದರೆ ಕ್ಲಿಪ್‌ನೊಳಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿ ಸಂದುಗಳನ್ನು ಮುಚ್ಚಬಹುದು. ಒದ್ದೆಯಾಗಿ ಪದರ ಬಿಟ್ಟ ನಿರೋಧಕ ಎಪಾಕ್ಸಿಯಿಂದ ಸರಿಹೋಗುವುದಿಲ್ಲ. ಆ ಬಾರ್ ಅನ್ನು ಬದಲಿಸಲೇಬೇಕು.